ಸೋದರಮಾವನ ದಾರಿ ಕಾಯುವ ಹಾಡು

...ಯಾಕ ಬಂದ್ ಮಾಡಿದಿ? ಇನ್ನಾ ಒಂದು ನುಡಿ ಉಳದದ. ಹಚ್ಚು, ಅಮೃತಮ್ಮ, ಪೂರಾ ಕೇಳು. ನಾಳೆ ಚಿತ್ತಾಪುರದಾಗ ಹಿರೇರ ಮುಂದ ಈ ಕ್ಯಾಸೆಟ್ ಬಿಡುಗಡೆ ಆಗತದ. ಹಾಡಿದವನ ಹೆಂಡತೀನೇ ಕೇಳಿಲ್ಲಂದ್ರ ಹ್ಯಾಂಗ?

ಬ್ಯಾಡಾ? ಆಯ್ತು, ಬಿಡು... ಆ ತೊಗರಿಬ್ಯಾಳಿ ಮೊರ ಬಾಜೂಕ ಇಟ್ಟು ಇದರ ಮ್ಯಾಲಿನ ಕಾಗದರ ನೋಡು. ನಂದೇ ಫೋಟೋ. ‘ರಾವೂರ ಅಂಬರಾಯನ ಸ್ವಂತ ಜಾನಪದ ಗೀತೆಗಳು.’ ಪೇಟಿ ನಂದು, ಏಕತಾರಿ ನಂದು, ದಪ್ಪು, ತಾಳ, ಕೊಳಲು, ಎಲ್ಲಾ ನಂದೇ. ಹೈದರಾಬಾದಿನ ಮಷೀನಿನಾಗ ಒಂದರ ಮ್ಯಾಲೊಂದು ಕೂಡಿಸ್ಯಾರ. ‘ನೀವೊಬ್ಬರೇ ಐದು ಮಂದಿ ಆದಿರಲ್ರಿ’ ಅಂತ ಆ ಮಷೀನಿನವ ಭಾಳ ನಕ್ಕ... ನೀನೂ ಒಂದೀಟು ನಗಬಾರದಾ?

ನಾಳೆ ನನ್ನ ಜೊತಿಗಿ ಬಂದು ಮುಂದಿನ ಸಾಲಿನಾಗ ಕುಂದ್ರು. ಯಾರರ ಕೇಳಿದ್ರ, ‘ಪದಾ ನಮ್ಮ ಮನಿಯವರೇ ಕಟ್ಯಾರ್ರಿ’ ಅನ್ನು. ಅಷ್ಟೇ ಸಾಕು... ಹಂಗ್ಯಾಕ ನೋಡ್ತಿ?

ಸರಿ. ಎಲ್ಲಾ ನಂದಲ್ಲ. ಹಣಿ ಮ್ಯಾಲ ವಿಭೂತಿ ಅದ, ನಿನ್ನ ಮುಂದ ಸುಳ್ಳ ಯಾಕ ಹೇಳಲಿ? ಕ್ಯಾಸೆಟ್ಟಿನ ಈ ಕಡಿ ನಾಲ್ಕು ಹಾಡು ನೀ ಅತ್ತದ್ದು. ನಮ್ಮ ಸಾಬಮ್ಮ ಜ್ವರದಾಗ ಹೋದ ದಿನ ಅಂಗಳದಾಗ ಕೂಸಿನ ಮಾರಿ ಮ್ಯಾಲ ಬಗ್ಗಿ ನೀ ಹಾಡ್ಯಾಡಿ ಅತ್ತದ್ದು... ಗೊತ್ತದ, ಗೊತ್ತದ! ಹೆಣದ ಮುಂದ ಅತ್ತ ಮಾತು ಅದರ ಜೋಡಿನೇ ಮಣ್ಣಿಗಿ ಹೋಗಬೇಕು, ತಿರುಗಿ ಬಾಯಿಗಿ ತರಬಾರದು. ನಮ್ಮವ್ವನೂ ಹಂಗೇ ಅಂತಿದ್ದಳು. ಆದ್ರ ಅಂಥಾ ಮಾತು ಮಣ್ಣಿಗಿ ಹಾಕಲಿಕ್ಕೆ ಮನಸ್ಸು ಹ್ಯಾಂಗ ಬರಬೇಕು?

‘ಐನಾಪುರದ ದಾರಿಗಿ ಕಣ್ಣ ನೆಟ್ಟೀನಿ ಮಗಳೇ,
ಮಾವ ತರೂ ಅರಿವಿ ಇನ್ನಾ ಬರವಲ್ದು,
ಬಿಸಿಲು ಏರಿತು ನಿನ್ನ ಮಾರಿ ಮ್ಯಾಲ...’

ಇಪ್ಪತ್ತು ವರ್ಷ ಪದಾ ಕಟ್ಟೀನಿ. ಇಂಥದೊಂದು ಸಾಲು ನನಗ ಹುಟ್ಟಿಲ್ಲ. ಖರೇ ಹೇಳ್ತೀನಿ.

ಅಳಬ್ಯಾಡ... ಅಳಾಕತ್ತಿಲ್ಲಾ? ಮತ್ಯಾಕ ಕೈ ನಿಂತಾವ?

ಹ್ಯಾಂಗ ನೆನಪಿತ್ತು ಅಂತನಾ? ಆರು ವರ್ಷದ ಮ್ಯಾಲ, ಒಂದಕ್ಷರ ಬಿಡದಂಗ... ಬರಕೊಂಡಿದ್ದೆ. ಅವತ್ತೇ. ಹಿಂದ, ಕೊಟ್ಟಿಗ್ಯಾಗ. ಮಂದಿ ಎಲ್ಲಾ ಅಂಗಳದಾಗಿದ್ದರು, ನಾ ಗೋಡಿ ಈ ಕಡಿ ಪೆನ್ಸಿಲ್ ಹಿಡಕೊಂಡು ಕುಂತು... ನಾನೂ ಅತ್ತೀನಿ, ಅಮೃತಮ್ಮ! ಅವಳು ನನ್ನ ಮಗಳೂ ಹೌದು. ಅಳಕೋತನೇ ಬರದೆ.

ಬೆರಳಿನಾಗ ಏನು ಎಣಸಾಕತ್ತಿ? ಹೊತ್ತಾ?

ಹೌದು. ನಾಲ್ಕು ಹಾಡು. ಮೊದಲನೇದು ಮುಂಜಾನಿದು. ಕಡೀದು... ಬಿಸಿಲು ನೆತ್ತಿ ಮ್ಯಾಲ ಬಂದಾಗಿಂದು. ಹಿರೇರು ಮೂರು ಸಲ ಬಂದು, ‘ಎತ್ತೂಣು ಅಂಬರಾಯ, ಬ್ಯಾಸಗಿ ಅದ, ಕೂಸಿನ ಮೈ ಕೆಡತದ’ ಅಂದರು. ನಾನೇ ತಡದೆ. ಸೋದರಮಾವನ ಅರಿವಿ ಹೊಚ್ಚದ ಎತ್ತಬಾರದಲ್ಲಾ? ಐನಾಪುರಕ್ಕ ಆಳು ಹೋಗ್ಯಾನ, ನಿಮ್ಮಣ್ಣ ದೇವೀಂದ್ರಪ್ಪ ಬರಲಿ ಅಂದೆ. ನಮ್ಮ ರಿವಾಜೇ ಹಂಗದ...

ನಿಮ್ಮಣ್ಣ ಬರಲಿಲ್ಲ. ಮೂರನೇ ದಿನ ಅರಿವಿ ಹಿಡಕೊಂಡು ಬಂದ. ‘ನನಗ ಯಾರೂ ಹೇಳಿಲ್ಲ ತಂಗೀ’ ಅಂತ ಹೊಸ್ತಿಲಕ್ಕ ಹಣಿ ಹಚ್ಚಿ ಅತ್ತ. ನೀ ಬಾಗಿಲಾ ತೆಗೀಲಿಲ್ಲ. ‘ಸುಳ್ಳ ಹೇಳ್ತಾನ, ಬಸ್ಸಿನ ಖರ್ಚಿಗಿ ಹೆದರ್ಯಾನ’ ಅಂದಿ. ಅವತ್ತಿಂದ ತವರಿನ ನೀರು ಕುಡದಿಲ್ಲ ನೀ. ನಾ ಒಳಗೇ ಇದ್ದೆ, ಎಲ್ಲಾ ಕೇಳಿದೆ. ಸುಮ್ಮನಿದ್ದೆ.

ಒಂದು ಮಾತಾಡು. ಬೈಯಿ. ಆ ಆಳು ಯಾರಿದ್ದ, ಯಾವ ಬಸ್ಸಿಗಿ ಹೋದ ಅಂತ ಇವತ್ತರ ಕೇಳು... ಕೇಳಂಗಿಲ್ಲಾ?

...ಕೇಳೂದೇ ಉಳದಿಲ್ಲ, ಅಲ್ಲಾ?

ಯಾರನ್ನೂ ಕಳಿಸಿದ್ದಿಲ್ಲ, ಅಮೃತಮ್ಮ. ಕಳಿಸಿದ್ರ ನಿಮ್ಮಣ್ಣ ಬರತಿದ್ದ. ಬಂದಿದ್ರ ಎತ್ತತಿದ್ದರು. ನೀ ಇನ್ನಾ ಹಾಡಾಕತ್ತಿದ್ದಿ.