ಅಕ್ಕಿ ಲೋಟದ ತಳ

ಪಾತ್ರೆ ರಿಪೇರಿ ಅಂಗಡಿಯ ಮುಂದಿನ ಸಾಲಿನಲ್ಲಿ ನನಗಿಂತ ಮುಂದೆ ಅತ್ತೆ-ಸೊಸೆ ಇಬ್ಬರು ನಿಂತಿದ್ದರು. ಸೊಸೆ ಚೀಲದಿಂದ ಹಿತ್ತಾಳೆ ಲೋಟವೊಂದನ್ನು ತೆಗೆದಳು.

"ಅಯ್ಯೋ, ಅಕ್ಕಿ ಅಳೆಯೋ ಲೋಟ ಯಾಕೆ ತಂದ್ಯೇ?"

"ಇದರ ತಳ ಒಳಕ್ಕೆ ನೆಗ್ಗಿತ್ತಲ್ಲ ಅತ್ತೆ, ಹೋದ ತಿಂಗಳು ನಾನೇ ಇಲ್ಲಿ ಸರಿ ಮಾಡಿಸಿದ್ದೆ."

"ನನಗೆ ಗೊತ್ತೇ ಆಗ್ಲಿಲ್ಲ ನೋಡು."

"ಅವತ್ತಿಂದಲೇ ಅನ್ನ ಗಟ್ಟಿ ಆಗ್ತಿರೋದು. ಲೋಟ ಅಕ್ಕಿ ಜಾಸ್ತಿ ಹಿಡೀತಿದೆ, ನೀರು ಮಾತ್ರ ಮೊದಲಿನಷ್ಟೇ. ನಿನ್ನೆ ನಾನು ಮಾಡಿದಾಗಲೂ ಹಾಗೇ ಆಯ್ತಲ್ಲ, ಆಗ ಹೊಳೀತು."

ಅತ್ತೆ ಲೋಟದೊಳಗೆ ಬಗ್ಗಿ ನೋಡಿದರು.

"ವಯಸ್ಸಾಯ್ತು, ಕೈ ಅಳತೆ ತಪ್ಪಿತು ಅಂದ್ಕೊಂಡು ಒಲೆ ನಿನಗೆ ಬಿಟ್ಟುಕೊಟ್ಟೆನಲ್ಲೇ!"

"ತಪ್ಪಾಯ್ತು ಅತ್ತೆ. ಅದಕ್ಕೇ ಮತ್ತೆ ನೆಗ್ಗಿಸೋಣ ಅಂತ ತಂದೆ."

"ನೀರು ಸ್ವಲ್ಪ ಜಾಸ್ತಿ ಇಡಿ ಅಂದಿದ್ರೆ ಸಾಕಿತ್ತು."

"ಅಂದಿದ್ರೆ ಕೇಳ್ತಿದ್ರಾ?"

"ಇಲ್ಲ."

ಇಬ್ಬರೂ ನಕ್ಕರು. ಅತ್ತೆ ಲೋಟ ಕಸಿದುಕೊಂಡು ಸಾಲಿನಿಂದ ಹೊರಗೆ ಬಂದರು.

"ಎಲ್ಲಿಗೆ ಅತ್ತೆ? ನಮ್ಮ ಸರದಿ ಬಂತು."

"ಮನೇಲಿ ಕುಟ್ಟಾಣಿ ಇದೆ, ನಡಿ. ಮೊದಲನೇ ಸಲ ನೆಗ್ಗಿಸಿದ್ದೂ ನಾನೇ, ನಿಮ್ಮ ಮಾವನ ಮೇಲಿನ ಸಿಟ್ಟಿಗೆ."

"ಮತ್ತೆ ಮಧ್ಯಾಹ್ನದ ಅಡುಗೆ?"

"ನಂದು. ನೀನು ಒಲೆ ಹತ್ರ ಸುಳಿಬೇಡ."