ಉಸಿರಿಲ್ಲದ ಹಾಡು

ಅಜ್ಜಂಪುರದ ಬಸ್‌ಸ್ಟ್ಯಾಂಡಿನಲ್ಲಿ ತರೀಕೆರೆ ಬಸ್ಸಿಗೆ ಕಾಯುತ್ತಿದ್ದ ರೇಣುಕಪ್ರಸಾದನಿಗೆ ಪಕ್ಕದ ಬೆಂಚಿನ ಮಾತು ಕಿವಿಗೆ ಬಿತ್ತು. ಊರಿನ ಮಕ್ಕಳಿಗೆಲ್ಲ ಶಾಸ್ತ್ರೀಯ ಸಂಗೀತ ಕಲಿಸಿದ ಶಾರದಾಂಬಾ, ಶಿಷ್ಯೆ ಶರಣ್ಯಾಳ ಇಯರ್‌ಫೋನ್ ಸಿಕ್ಕಿಸಿಕೊಂಡು ಕಣ್ಣುಮುಚ್ಚಿ ಕೂತಿದ್ದರು. ಅವಳು ಯಾವುದೋ ಬ್ಯಾಂಡಿನ ಜೊತೆ ಹಾಡಿದ್ದಳಂತೆ. ಹಾಡು ಮುಗಿದಿರಬೇಕು, ಅವರು ಕಣ್ಣುಬಿಟ್ಟರು.

“ಗಿಟಾರು ಜೋರಾಯ್ತಾ, ಟೀಚರ್?”

“ಗಿಟಾರು ಪಾಪ, ಅದರ ಪಾಡಿಗೆ ಅದಿದೆ. ನೀನು ಉಸಿರು ಎಲ್ಲಿ ತಗೊಂಡೆ?”

“ತಗೊಂಡಿದ್ದೆ. ಸ್ಟುಡಿಯೋದಲ್ಲಿ ಕಂಪ್ಯೂಟರಲ್ಲಿ ಅಳಿಸಿಬಿಟ್ರು. ನೀಟಾಗಿ ಕೇಳುತ್ತೆ ಅಂದ್ರು.”

“ಇಷ್ಟು ವರ್ಷ ಬೈದು ಬೈದು ಕಲಿಸಿದ್ದು ಅದೇ ಅಲ್ವೇನೇ, ಎಲ್ಲಿ ಉಸಿರು ತಗೋಬೇಕು ಅಂತ?”

ಹುಡುಗಿ ವೈರನ್ನು ಬೆರಳಿಗೆ ಸುತ್ತಿಕೊಂಡಳು.

“ನಿಮಗೆ ಒಪ್ಪಿಸದೆ ಯಾರಿಗೂ ಕೇಳಿಸಬಾರದು ಅಂತ ಬಂದೆ. ಬೇಡ ಅನ್ನಿ, ಬ್ಯಾಂಡೇ ಬಿಟ್ಬಿಡ್ತೀನಿ.”

“ಬಿಡು ಅಂದ್ನಾ ನಾನು? ಹಾಡು ಚೆನ್ನಾಗಿದೆ ಕಣೇ. ಉಸಿರು ಕೇಳಿದ್ರೆ, ನಮ್ಮ ಶರಣ್ಯಾ ಇಲ್ಲೇ ಪಕ್ಕದಲ್ಲಿ ಕೂತು ಹಾಡ್ತಿದಾಳೆ ಅನ್ಸೋದು. ಅಷ್ಟೇ.”

“ವಾಪಸ್ ಹಾಕಿಸ್ತೀನಿ, ಟೀಚರ್.”

“ಅದು ವಾಪಸ್ ಬರುತ್ತಾ?”

“ಬರುತ್ತೆ. ಪೂರ್ತಿ ಹೋಗಿರಲ್ಲ.”

ಅಷ್ಟರಲ್ಲಿ ಬೀರೂರು ಬಸ್ ಬಂತು. ಇಬ್ಬರೂ ಎದ್ದರು. ಮೆಟ್ಟಿಲು ಎತ್ತರವಿತ್ತು. ಶಾರದಾಂಬಾ ಒಂದು ಕಾಲು ಮೇಲಿಟ್ಟು, ಕಂಬಿ ಹಿಡಿದು ಹಾಗೇ ನಿಂತುಬಿಟ್ಟರು.

“ಬೇಗ ಹತ್ತಮ್ಮಾ, ಟೈಮಾಯ್ತು,” ಎಂದ ಕಂಡಕ್ಟರ್.

ಶರಣ್ಯಾ ಕೆಳಗಿನಿಂದ ಅವರ ಬೆನ್ನಿಗೆ ಕೈ ಆನಿಸಿದಳು.

“ಸ್ವಲ್ಪ ತಡೀರಿ ಸಾರ್. ಉಸಿರು ತಗೊಳ್ಳಲಿ.”