ಲೋರ್ನಾಳ ದೊಡ್ಡ ಕಂಪ್ಯೂಟರ್

ಬರ್ಬ್ಯಾಂಕಿನ ಗುಜರಿ ಕೇಂದ್ರದ ಸಾಲಿನಲ್ಲಿ ನಿಂತಿದ್ದ ಐನೆಜ್‌ಗೆ ಮುಂದಿನ ಇಬ್ಬರ ಮಾತು ಕೇಳಿಸುತ್ತಿತ್ತು. ಸಿನಿಮಾಗಳಿಗೆ ಸಂಗೀತ ಮಾಡುವ ಲೋರ್ನಾ ತನ್ನ ಭಾರಿ ಕಂಪ್ಯೂಟರನ್ನು ತಳ್ಳುಗಾಡಿಯಲ್ಲಿ ತಂದಿದ್ದಳು. ಜೊತೆಗಿದ್ದವನು ಸ್ಟುಡಿಯೋದ ಹಳೆಯ ಗೆಳೆಯ ಮಿಲ್ಟನ್.

“ಏನ್ ಲೋರ್ನಾ, ಆನೇನೇ ಹೊರಡಿಸಿಬಿಟ್ಟೆ?”

“ಹೊಸದು ಬಂತಲ್ಲ. ಅಂಗೈಯಗಲ ಇದೆ, ಗಾಳಿ ಥರ ಓಡುತ್ತೆ.”

“ಮೆಮೊರಿ ಸಾಲದಿದ್ರೆ?”

“ಇನ್ನೊಂದು ಕೊಳ್ಳೋದೇ. ಅದನ್ನ ಬಿಚ್ಚೋ ಹಾಗಿಲ್ಲ.”

“ಇದಕ್ಕೆ?”

“ಇದಕ್ಕೆ ಬೇಕಾದ್ದೆಲ್ಲ ನಾನೇ ತುಂಬಿದೀನಿ. ಒಂದಿನಾನೂ ಬೇಡ ಅನ್ಲಿಲ್ಲ.”

ಮಿಲ್ಟನ್ ಗಾಡಿಯ ಮೇಲಿದ್ದ ಕಂಪ್ಯೂಟರಿನ ಚಿಲಕ ಎತ್ತಿದ. ಅದರ ಪಕ್ಕದ ಬಾಗಿಲು ಸಲೀಸಾಗಿ ತೆರೆದುಕೊಂಡಿತು.

“ಎಷ್ಟು ಅಚ್ಚುಕಟ್ಟು ನೋಡು! ಮೆಮೊರಿ ಹಾಕೋಕೆ ಇನ್ನೂ ಎರಡು ಜಾಗ ಖಾಲಿ ಇದೆ.”

ಲೋರ್ನಾ ಬಗ್ಗಿ ನೋಡಿದಳು. “ಹೌದಲ್ವಾ…”

“ಮುಂದಿನವರು ಬನ್ನಿ!” ಎಂದು ಒಳಗಿನಿಂದ ಕೂಗಿದರು.

“ಮಿಲ್ಟನ್, ಕಾರಿಗೆ ಎತ್ತೋಕೆ ಸ್ವಲ್ಪ ಕೈ ಜೋಡಿಸ್ತೀಯಾ?”

ಐನೆಜ್ ಪಕ್ಕಕ್ಕೆ ಸರಿದಳು. ಅವರಿಬ್ಬರೂ ಗಾಡಿ ತಿರುಗಿಸಿಕೊಂಡು ಹೋದರು.